ಅರ್ಧ ಕುಡ್ತೆ ಎಣ್ಣೆ

ಮುಕಾದಮರಿಗೆ ಎಡಗಣ್ಣಿನ ಮೇಲೆ ಹುಬ್ಬಿರಲಿಲ್ಲ. ಇರಬೇಕಾದ ಜಾಗದಲ್ಲಿ ನುಣುಪಾದ, ತುಸು ಗುಲಾಬಿ ಬಣ್ಣದ ಚರ್ಮ ಮಾತ್ರ ಇತ್ತು. ಸಿಟ್ಟು ಬಂದಾಗ ಬಲಹುಬ್ಬು ಗಂಟಿಕ್ಕುತ್ತಿತ್ತು, ಎಡಗಡೆ ಏನೂ ಆಗುತ್ತಿರಲಿಲ್ಲ. ಹಾಗಾಗಿ ಅವರ ಎಡಕ್ಕೆ ನಿಂತರೆ ಬೈಗುಳ ಅರ್ಧ ಕಡಿಮೆ ಎಂದು ನಮ್ಮ ಗ್ಯಾಂಗಿನ ಗಂಡಸರು ನಗುತ್ತಿದ್ದರು. ಮರ ಕೊಯ್ಯುವ ಕಾದ ಮಶೀನಿಗೆ ಯಾವ ಕಾಲದಲ್ಲೋ ಅವಸರದಿಂದ ಪೆಟ್ರೋಲ್ ಹೊಯ್ಯಲು ಹೋಗಿ, ಭುಗ್ಗೆಂದು ಹೊತ್ತಿಕೊಂಡು ಹೋದ ಹುಬ್ಬಂತೆ ಅದು.

ಮುಕಾದಮ ಎಂದರೆ ಅಲ್ಲಿಯ ಮರಾಠಿಯಲ್ಲಿ ಮೇಸ್ತ್ರಿ. ಠಾಣೆ, ಕಲ್ಯಾಣ, ನವಿ ಮುಂಬಯಿ ಎಲ್ಲ ಕಡೆ ಮರ ಕಡಿಯುವ, ಕೊಂಬೆ ಸವರುವ ಕೆಲಸ ಹಿಡಿಯುತ್ತಿದ್ದ ಒಬ್ಬ ಗುತ್ತಿಗೆದಾರನ ಕೈಕೆಳಗೆ ನಮ್ಮ ಗ್ಯಾಂಗಿತ್ತು. ಇದು ತೊಂಬತ್ತರ ದಶಕದ ಮಾತು. ಮುಕಾದಮರು ಉಡುಪಿ ಕಡೆಯವರು. ಉಳಿದ ನಾವೆಲ್ಲ ಬಿಜಾಪುರ, ಗುಲಬರ್ಗಾ ಕಡೆಯವರು. ನನ್ನ ಗಂಡ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮಶೀನು ಹಿಡಿದು ಮೇಲೆ ಹತ್ತುವವನು. ನಾನು ಕೆಳಗೆ ಹಗ್ಗ ಹಿಡಿಯುವವಳು, ಬಿದ್ದ ಕೊಂಬೆ ಎಳೆಯುವವಳು. ಹತ್ತನೆಯ ಇಯತ್ತೆ ಪಾಸಾಗಿದ್ದೆ ಎಂಬ ಸೊಕ್ಕು ಬೇರೆ ಇತ್ತು ನನಗೆ. ನಾಲಿಗೆ ಆಗಲೂ ಚುರುಕು, ಈಗಲೂ ಚುರುಕು.

ಮಶೀನು ಎಂದರೆ ಚೈನ್‌ಸಾ. ಅದಕ್ಕೆ ಬರೀ ಪೆಟ್ರೋಲ್ ಹಾಕಿದರೆ ಸತ್ತೇ ಹೋಗುತ್ತದೆ. ಪೆಟ್ರೋಲಿಗೆ ಟೂ-ಸ್ಟ್ರೋಕ್ ಎಣ್ಣೆ ಬೆರೆಸಬೇಕು. ಎಣ್ಣೆ ಕಡಿಮೆಯಾದರೆ ಒಳಗಿನ ಪಿಸ್ಟನ್ ಒಣಗಿ ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಹೊಗೆ ಕಾರಿ, ಪ್ಲಗ್ಗಿಗೆ ಮಸಿ ಮೆತ್ತಿ ನಿಂತುಬಿಡುತ್ತದೆ. ಸ್ಕೂಟರು ನಿಂತರೆ ಇಳಿದು ತಳ್ಳಬಹುದು. ಮರದ ಮೇಲೆ ಅರ್ಧ ಕೊಯ್ದ ಕೊಂಬೆಯ ಮುಂದೆ ಮಶೀನು ನಿಂತರೆ ಏನು ಮಾಡುವುದು? ಈ ಒಂದು ಭಯಕ್ಕೆ ಮುಕಾದಮರು ಎಣ್ಣೆಯ ಡಬ್ಬಿಯನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಬೆಳಿಗ್ಗೆ ಕೆಲಸದ ಜಾಗಕ್ಕೆ ಬಂದ ಕೂಡಲೇ ಒಂದು ಮೂಲೆ ಹಿಡಿದು, ನಮಗೆಲ್ಲ ಬೆನ್ನು ತಿರುಗಿಸಿ ಕೂತು ಬೆರೆಸುತ್ತಿದ್ದರು. ನೋಡಲು ಹೋದರೆ, "ಎಂತ ಸರ್ಕಸ್ ಉಂಟಾ ಇಲ್ಲಿ? ಹೋಗು, ಹಗ್ಗ ನೋಡು" ಎಂದು ಅಟ್ಟುತ್ತಿದ್ದರು.

ಎಣ್ಣೆ ಕೊಳ್ಳುವಾಗ ಅವರಷ್ಟು ಸಂಶಯದ ಮನುಷ್ಯನನ್ನು ನಾನು ಕಂಡಿಲ್ಲ. ಪಂಪಿನಲ್ಲಿ ಸ್ಕೂಟರಿನವರಿಗೆ ಹಾಕುವ ಬಿಡಿ ಎಣ್ಣೆ ಬೇಡವೇ ಬೇಡ. ಡಬ್ಬಿಯದೇ ಆಗಬೇಕು, ಅದರ ಸೀಲನ್ನು ಉಗುರಿನಿಂದ ಕೆರೆದು ನೋಡಬೇಕು, ತೆರೆದ ಮೇಲೆ ಒಂದು ಹನಿ ಬೆರಳ ತುದಿಗೆ ಹಚ್ಚಿ ಉಜ್ಜಿ ಮೂಸಬೇಕು. ಒಮ್ಮೆ ಮಹಾಪೆಯಲ್ಲಿ ಕಾರ್ಖಾನೆಯ ಕಂಪೌಂಡಿನ ಮರ ಸವರುತ್ತಿದ್ದಾಗ ಎಣ್ಣೆ ಮುಗಿಯಿತು. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ ಕಡೆಯ ಒಂದು ಅಂಗಡಿಯವನು ಮೀನುಗಾರರ ದೋಣಿ ಇಂಜಿನಿಗೆ ಹಾಕುವ ಎಣ್ಣೆ ತೋರಿಸಿ, "ಅಣ್ಣಾ, ಯೇ ಭೀ ಟೂ-ಸ್ಟ್ರೋಕ್ ಹೈ, ಲೇ ಜಾವ್" ಅಂದ. ಗುತ್ತಿಗೆದಾರನೂ ತಗೋ ಅಂದ. ಮುಕಾದಮರು ಡಬ್ಬಿಯನ್ನು ತಿರುಗಿಸಿ ಕೂಡ ನೋಡಲಿಲ್ಲ.

"ದೋಣಿಯ ಇಂಜಿನು ನೀರಲ್ಲಿ ತಣ್ಣಗೆ ಕೂತ್ಕೊಳ್ತದೆ ಮಾರಾಯ. ನಮ್ಮದು ಮರದ ಮೇಲೆ, ಬಿಸಿಲಲ್ಲಿ. ಅದಕ್ಕೆ ಗಾಳಿ ಬಿಟ್ರೆ ಬೇರೆ ಗತಿ ಇಲ್ಲ. ಈ ಎಣ್ಣೆ ಆಗುದಿಲ್ಲ" ಎಂದು ಕೆಲಸವನ್ನೇ ನಿಲ್ಲಿಸಿ ಮಧ್ಯಾಹ್ನದವರೆಗೆ ನಮ್ಮನ್ನು ನೆರಳಿನಲ್ಲಿ ಕೂಡಿಸಿದರು. ಗುತ್ತಿಗೆದಾರ ಕೂಗಾಡಿದ, ಅವರು ಬೀಡಿ ಕೂಡ ಹಚ್ಚದೆ ಕೂತೇ ಇದ್ದರು.

ಅವರ ಅಳತೆಯೂ ಅವರ ಊರಿನದೇ. ಕುಡ್ತೆ! ಹಾಲು, ಎಣ್ಣೆ ಅಳೆಯುವ ಒಂದು ಪುಟ್ಟ ಸ್ಟೀಲಿನ ಪಾತ್ರೆ ಅದು, ಊರಿಂದ ತಂದದ್ದು. ಸಾದಾ ಎಣ್ಣೆಯಾದರೆ ಐದು ಲೀಟರಿನ ಕ್ಯಾನಿಗೆ ಒಂದು ಕುಡ್ತೆ, ಒಳ್ಳೆಯ ಕಂಪನಿಯ ಎಣ್ಣೆಯಾದರೆ ಅರ್ಧ ಕುಡ್ತೆ. ನಮ್ಮ ಕಡೆ ಆ ಮಾತೇ ಇಲ್ಲ. ನಾನು ಗ್ಯಾಂಗಿಗೆ ಸೇರಿದ ಹೊಸದರಲ್ಲಿ ಒಂದು ಸಲ ಅವರು ಬೆನ್ನು ತಿರುಗಿಸಿಕೊಂಡೇ, "ಒಂದು ಕುಡ್ತೆ ಎಣ್ಣೆ ಉಂಟಾ ನೋಡು ಅದರಲ್ಲಿ" ಅಂದರು. ನನ್ನ ಕಿವಿಗೆ ಬಿದ್ದದ್ದು "ಕುಡ್ತಿ, ಎಣ್ಣಿ" ಎಂಬ ಎರಡೇ ಮಾತು. ನಮ್ಮಲ್ಲಿ ಎಣ್ಣಿ ಎಂದರೆ ಸೆರೆ ಅಂತಲೂ ಆಗುತ್ತದಲ್ಲ!

"ಏನ್ರೀ ಮುಕಾದಮರ, ಹೆಣ್ಣಮಗಳಿಗೆ ಎಣ್ಣಿ ಕುಡೀತಿ ಏನಂತ ಕೇಳ್ತೀರೇನು? ನಾಚಿಕಿ ಬರಂಗಿಲ್ಲ?" ಎಂದು ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತೆ.

ಅವರು ತಿರುಗಿದರು. ಬಲಹುಬ್ಬು ಏರಿತು, ಇಳಿಯಿತು. ಆಮೇಲೆ ಕುಡ್ತೆಯನ್ನು ಎತ್ತಿ ತೋರಿಸಿ, "ಇದು ಕುಡ್ತೆ. ಇದರಲ್ಲಿ ಎಣ್ಣೆ. ನೀನು ಕುಡಿದ್ರೆ ನಾನು ಬೇಡ ಅನ್ನುದಿಲ್ಲ, ಆದ್ರೆ ಸತ್ತು ಹೋಗ್ತಿ ಮಾರಾಯ್ತಿ" ಅಂದರು. ಗ್ಯಾಂಗಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಗಂಡ ವಾರವೆಲ್ಲ ನನ್ನನ್ನು ಕಾಡಿಸಿದ. ಅದೊಂದು ನಗೆಯ ಮಾತಾಗಿ ನಮ್ಮ ನಡುವೆ ಉಳಿಯಿತು. ಅಷ್ಟೆಲ್ಲ ಆದರೂ ಅವರು ತಮ್ಮ ಮಾತು ಬದಲಾಯಿಸಲಿಲ್ಲ, ನಾವೂ ಸರಿಯಾಗಿ ಕಲಿಯಲಿಲ್ಲ. ಬೆರೆಸುವವರು ಅವರೊಬ್ಬರೇ ಆದಾಗ ನಮಗೇಕೆ ಬೇಕು ಆ ಅಳತೆ?

ಆ ವರ್ಷದ ಮಳೆಗಾಲ ಶುರುವಾಗುವಾಗಲೇ ಮುಕಾದಮರಿಗೆ ಜ್ವರ ಹಿಡಿಯಿತು. ಠಾಣೆ ಪೂರ್ವದಲ್ಲಿ ಅವರದೊಂದು ಕೋಣೆ, ಒಂಟಿ ಮನುಷ್ಯ. ಕಣ್ಣು ಹಳದಿಯಾಗಿತ್ತು. ಗುತ್ತಿಗೆದಾರ ಕೆಲಸ ನಿಲ್ಲಿಸಲು ಒಪ್ಪದೆ ಸಣ್ಣಪುಟ್ಟ ಕೊಂಬೆಗಳನ್ನು ಕೊಡಲಿಯಲ್ಲೇ ಸವರಿಸುತ್ತಿದ್ದ. ಅಷ್ಟರಲ್ಲಿ ಒಂದು ರಾತ್ರಿ ಬಿರುಗಾಳಿ ಬಂದು ವರ್ತಕ ನಗರದಲ್ಲಿ ಭಾರೀ ಗುಲ್‌ಮೊಹರ್ ಒಂದು ಬುಡ ಸಡಿಲವಾಗಿ ಸಾಲುಮನೆಗಳ ಒಂದು ಚಾಳಿನ ಮೇಲೆ ವಾಲಿತು. ಬೆಳಿಗ್ಗೆ ನಾವು ಹೋದಾಗ ಒಂದು ದಪ್ಪ ಕೊಂಬೆ ಚಾಳಿನ ಪತ್ರೆಯ, ಅಂದರೆ ತಗಡಿನ ಚಾವಣಿಯ ಮೇಲೆ ಒರಗಿತ್ತು. ಮಳೆ ಸುರಿಯುತ್ತಲೇ ಇತ್ತು. ಒಳಗಿನ ಜನ ಪಾತ್ರೆ ಪಡಗ, ಮಕ್ಕಳನ್ನು ಎತ್ತಿಕೊಂಡು ಹೊರಗೆ ನಿಂತಿದ್ದರು. ಮಶೀನಿಲ್ಲದೆ ಆಗುವ ಕೆಲಸವಾಗಿರಲಿಲ್ಲ. ಗುಲ್‌ಮೊಹರಿನದು ಹುಂಬ ಕಟ್ಟಿಗೆ, ಕೊಡಲಿ ಪೆಟ್ಟಿಗೆ ಎಲ್ಲಿಂದ ಎಲ್ಲಿಗೋ ಸೀಳುತ್ತದೆ.

ಮಶೀನು ಇತ್ತು, ಪೆಟ್ರೋಲ್ ಇತ್ತು, ಒಳ್ಳೆಯ ಎಣ್ಣೆಯ ಹೊಸ ಡಬ್ಬಿಯೂ ಇತ್ತು. ಬೆರೆಸುವವರಿರಲಿಲ್ಲ. ನಾನೂ ನನ್ನ ಗಂಡನೂ ಹಗ್ಗ ಕಟ್ಟುವುದರಲ್ಲಿದ್ದೆವು. ಗ್ಯಾಂಗಿಗೆ ಹೊಸದಾಗಿ ಸೇರಿದ್ದ ಸಿಂದಗಿ ಕಡೆಯವನೊಬ್ಬ ಓಡಿ ಹೋಗಿ ಮೂಲೆಯ ಪಿಸಿಓದಿಂದ ಮುಕಾದಮರ ಕೋಣೆಯ ಕೆಳಗಿನ ಕಿರಾಣಿ ಅಂಗಡಿಗೆ ಫೋನು ಹಚ್ಚಿದ. ಅವರು ಇಳಿದು ಬಂದು ಮಾತಾಡಿದರು. ಅವನು ತಿರುಗಿ ಬಂದು, "ಹೇಳ್ಯಾರ. ಅರ್ಧಾ ಹಾಕು ಅಂದ್ರು" ಎಂದು ಕ್ಯಾನಿಗೆ ಎಣ್ಣೆ ಸುರಿದು, ಮಶೀನಿಗೂ ತುಂಬಿದ. ಅವರು ಹೇಳಿದ್ದು ಅರ್ಧ ಕುಡ್ತೆ. ಮಳೆಯ ಸದ್ದಿನಲ್ಲಿ, ಕರಕರ ಎನ್ನುವ ಫೋನಿನಲ್ಲಿ ಅವನು ಕೇಳಿಸಿಕೊಂಡದ್ದು ಅರ್ಧ ಬುಡ್ಡಿ. ನಮ್ಮ ಕಡೆ ಬುಡ್ಡಿ ಎಂದರೆ ಬಾಟಲಿ. ಹಾಗಾಗಿ ಅವನು ಡಬ್ಬಿಯ ಅರ್ಧ ಎಣ್ಣೆಯನ್ನೇ ಹೊಯ್ದಿದ್ದ. ಅವನೇನು ಮಾಡಿಯಾನು? ಗೊತ್ತಿಲ್ಲದ ಮಾತನ್ನು ಕಿವಿ ಗೊತ್ತಿರುವ ಮಾತಿಗೇ ತಿರುಗಿಸಿಕೊಳ್ಳುತ್ತದೆ, ನಾನೂ ಒಂದು ಕಾಲಕ್ಕೆ ಹಾಗೆಯೇ ಮಾಡಿರಲಿಲ್ಲವೇ.

ನನ್ನ ಗಂಡ ಹತ್ತಿದ. ಮಶೀನು ಹಾಗೂ ಹೀಗೂ ಶುರುವಾಯಿತು. ಹೊಗೆ ಬಂತು, ಮಳೆಗೆ ಹೀಗೆ ಅಂದುಕೊಂಡೆವು. ಪತ್ರೆಯ ಮೇಲೆ ಒರಗಿದ್ದ ಕೊಂಬೆಯನ್ನು ಬುಡದಲ್ಲಿ ಅರ್ಧ ಕೊಯ್ದಿದ್ದ. ಹೊಗೆ ದಟ್ಟವಾಯಿತು, ಅವನ ಮುಖವೇ ಕಾಣದಷ್ಟು. ಮಶೀನು ಕೆಮ್ಮಿ ಕೆಮ್ಮಿ ಸುಮ್ಮನಾಯಿತು. ಅದೇ ಹೊತ್ತಿಗೆ ಗಾಳಿ ಬೀಸಿ, ಅರ್ಧ ಕೊಯ್ದ ಕೊಂಬೆ ಕಟಕ್ಕೆಂದು ಕುಸಿದು ಪಕ್ಕಕ್ಕೆ ಹೊರಳಿತು. ಮೇಲಿನಿಂದ ಒಂದೇ ಒಂದು ಕೂಗು ಬಂತು. ಅವನ ಎಡಗಾಲು ಕೊಂಬೆಗೂ ಕಾಂಡಕ್ಕೂ ನಡುವೆ ಸಿಕ್ಕಿಕೊಂಡಿತ್ತು.

ಅಯ್ಯೋ ಶಿವನೆ, ಆ ಹೊತ್ತು ನಾನು ಏನೇನು ಕೂಗಿದೆನೋ ನನಗೆ ನೆನಪಿಲ್ಲ. ಪ್ರತಿ ಸಲ ಗಾಳಿ ಬಂದಾಗ ಕೊಂಬೆ ಅಲುಗುತ್ತಿತ್ತು, ಅವನು ಹಲ್ಲು ಕಚ್ಚಿ ನರಳುತ್ತಿದ್ದ. ಕೊಂಬೆಯನ್ನು ತುದಿಯ ಕಡೆ ಕೈಗೆಟುಕುವಷ್ಟು ದೂರದಲ್ಲಿ ಕೊಯ್ದು ಭಾರ ಇಳಿಸಿದರೆ ಕಾಲು ಸಡಿಲವಾಗುತ್ತದೆ. ಅದನ್ನು ಅವನೇ ಕೂತಲ್ಲಿಂದ ಕೈಚಾಚಿ ಕೊಯ್ಯಬೇಕು, ಬೇರೆಯವರು ಹತ್ತಿದರೆ ಅವರ ಭಾರಕ್ಕೆ ಕೊಂಬೆ ಸೀಳಿ ಅವನ ಕಾಲಿನ ಸಮೇತ ಕೆಳಗೆ ಬರುತ್ತದೆ. ಇಷ್ಟು ನಮಗೆಲ್ಲರಿಗೂ ಕಾಣುತ್ತಿತ್ತು. ಅವನು ಸತ್ತ ಮಶೀನನ್ನು ಹಗ್ಗಕ್ಕೆ ಕಟ್ಟಿ ಕೆಳಗೆ ಬಿಟ್ಟ. ಸಿಂದಗಿಯವನು ಅದನ್ನು ಶುರು ಮಾಡುವ ದಾರ ಎಳೆದೇ ಎಳೆದ. ಅದು ಉಸಿರೇ ಬಿಡಲಿಲ್ಲ.

ಆಗ ರಿಕ್ಷಾ ಬಂದು ನಿಂತಿತು. ಮುಕಾದಮರು ಇಳಿದರು. ಲುಂಗಿ, ಮೈಮೇಲೆ ಕಂಬಳಿ, ಕೈಯಲ್ಲಿ ಆ ಕುಡ್ತೆ. "ಇವ ಫೋನಲ್ಲಿ ಹೂಂ ಹೂಂ ಅಂದದ್ದು ನನಗೆ ಸರಿ ಕಾಣ್ಲಿಲ್ಲ" ಎಂದಷ್ಟೇ ಅಂದು ಮೇಲೆ ನೋಡಿದರು. ಆಮೇಲೆ ಮಶೀನನ್ನು ಮೂಸಿದರು, ಕ್ಯಾನಿನ ಮುಚ್ಚಳ ತೆರೆದು ಬೆರಳದ್ದಿ ನೋಡಿದರು.

"ಎಷ್ಟು ಹಾಕಿದ್ದಿ?"

"ಅರ್ಧಾ ಬುಡ್ಡಿರೀ. ನೀವs ಹೇಳಿದ್ರಲ್ಲ."

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಮಶೀನಿನಲ್ಲಿದ್ದದ್ದನ್ನೂ ಕ್ಯಾನಿನಲ್ಲಿದ್ದದ್ದನ್ನೂ ಮೋರಿಗೆ ಸುರಿದು, ಪ್ಲಗ್ಗು ಬಿಚ್ಚಿ ಒರೆಸಲು ಕೂತರು. ಚಾಳಿನವನೊಬ್ಬ, "ಅರೇ ಮಾಝ್ಯಾ ಸ್ಕೂಟರಮಧ್ಯೇ ಮಿಕ್ಸ್ ಕೇಲೇಲಂ ಪೆಟ್ರೋಲ್ ಆಹೇ, ತೇಚ್ ಘಾಲಾ, ಲವಕರ್!" ಎಂದು ಕೊಳವೆ ಹಾಕಿ ಎಳೆದು ಬಾಟಲಿ ತುಂಬಿ ತಂದೇಬಿಟ್ಟ. ಬೆರೆಸಿದ್ದೇ ಇದೆ, ಬೇಗ ಹಾಕಿ ಎಂದು ಎಲ್ಲರೂ ಗದ್ದಲ ಎಬ್ಬಿಸಿದರು. ನಾನೂ ಹಾಕ್ರಿ ಹಾಕ್ರಿ ಎಂದೆ. ಮುಕಾದಮರು ಆ ಬಾಟಲಿಯನ್ನು ಬೆಳಕಿಗೆ ಹಿಡಿದು ನಿಂತರು. ತಳದಲ್ಲಿ ನೀರಿನ ಹನಿಗಳು ಗುಂಡುಗುಂಡಾಗಿ ಉರುಳುತ್ತಿದ್ದವು. ಮಳೆನೀರು ಸ್ಕೂಟರಿನ ಟ್ಯಾಂಕಿಗೆ ಇಳಿದಿತ್ತು. ಅದನ್ನು ಅವನ ಕೈಗೇ ವಾಪಸು ಕೊಟ್ಟರು.

ನಮ್ಮ ಹತ್ತಿರ ಇನ್ನೊಂದು ಕ್ಯಾನಿನಲ್ಲಿ ಶುದ್ಧ ಪೆಟ್ರೋಲ್ ಉಳಿದಿತ್ತು. ಅದನ್ನೂ ಬೇರೊಂದು ಬಾಟಲಿಗೆ ಹೊಯ್ದು ನೋಡಿದರು. ಆಮೇಲೆ ಖಾಲಿಯಾದ ಕ್ಯಾನನ್ನು ಒರೆಸಿ, ಬಟ್ಟೆ ಹಾಕಿದ ಆಲಿಕೆಯಲ್ಲಿ ಅರ್ಧ ಪೆಟ್ರೋಲ್ ಹಾಕಿದರು. ಒಬ್ಬನಿಗೆ ಮೇಲೆ ಛತ್ರಿ ಹಿಡಿಯಲು ಹೇಳಿ, ಕುಡ್ತೆಯನ್ನು ಸಮತಟ್ಟಾದ ಕಲ್ಲಿನ ಮೇಲಿಟ್ಟು ಎಣ್ಣೆ ಅಳೆದರು. ಜ್ವರಕ್ಕೆ ಮೈ ನಡುಗುತ್ತಿತ್ತು, ಅಳೆಯುವಾಗ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದರು. ಎಣ್ಣೆ ಹಾಕಿ, ಮುಚ್ಚಿ, ಕುಲುಕಲು ಶುರು ಮಾಡಿದರು. ಕುಲುಕಿದರು, ಕುಲುಕಿದರು, ಮುಗಿಯಲೇ ಇಲ್ಲ.

ನನಗೆ ತಡೆಯಲಾಗಲಿಲ್ಲ. "ನನ್ನ ಗಂಡ ಮ್ಯಾಲ ಸಾಯಾಕತ್ಯಾನ, ನೀವಿಲ್ಲಿ ಮಜ್ಜಿಗಿ ಕಡಿದಂಗ ಕುಂತೀರಿ! ಸುರಿರಿ ಸಾಕು! ಏಳ್ರಿ!" ಎಂದು ಅವರ ಹೆಗಲು ಹಿಡಿದು ಅಲುಗಿಸಿದೆ. ಮೈ ಕೆಂಡವಾಗಿತ್ತು.

ಅವರು ಕೈ ನಿಲ್ಲಿಸಲಿಲ್ಲ. "ಬೆರೆಯದಿದ್ದರೆ ಎಣ್ಣೆ ಒಂದು ಕಡೆ, ಪೆಟ್ರೋಲ್ ಒಂದು ಕಡೆ. ಮತ್ತೆ ನಿಂತ್ರೆ ಇನ್ನೊಂದು ಸಲ ಕೆಳಗಿಳಿಸಲಿಕ್ಕೆ ಆ ಕೊಂಬೆ ಕಾಯುದಿಲ್ಲ. ಅಳು ಬೇಕಾದ್ರೆ. ನನ್ನನ್ನು ಮುಟ್ಬೇಡ" ಅಂದರು. ಉಳಿದ ಪೆಟ್ರೋಲ್ ಹಾಕಿ ಮತ್ತೆ ಕುಲುಕಿದರು. ಆಮೇಲೆಯೇ ಮಶೀನಿಗೆ ಹೊಯ್ದರು. ಕೆಳಗೇ ಶುರು ಮಾಡಿ, ಕಿವಿಗೊಟ್ಟು ಕೇಳಿ, ನಿಲ್ಲಿಸಿ, ಹಗ್ಗಕ್ಕೆ ಕಟ್ಟಿ ಮೇಲೆ ಕಳಿಸಿದರು.

ನನ್ನ ಗಂಡ ಅದನ್ನು ಎದೆಗೆ ಒತ್ತಿ ಹಿಡಿದು ದಾರ ಎಳೆದ. ಹತ್ತಿಕೊಂಡಿತು. ಹೊಗೆ ತೆಳ್ಳಗೆ ಬಂತು. ಮುಕಾದಮರು ಕೆಳಗಿನಿಂದ, "ತುದಿ ಮೊದಲು! ಅಡಿಯಿಂದ ಸ್ವಲ್ಪ, ಆಮೇಲೆ ಮೇಲಿಂದ! ಅವಸರ ಬೇಡ!" ಎಂದು ಕೂಗುತ್ತಿದ್ದರು. ಅವನು ತುಂಡು ತುಂಡಾಗಿ ಕೊಯ್ದ. ಭಾರ ಇಳಿಯುತ್ತಾ ಬಂದು ಕೊಂಬೆ ಮೆಲ್ಲಗೆ ಮೇಲೆದ್ದಿತು. ಅವನು ಕಾಲನ್ನು ಎಳೆದುಕೊಂಡ. ಮಶೀನು ನಡುವೆ ಒಂದು ಸಲವೂ ತಡವರಿಸಲಿಲ್ಲ. ಅವನನ್ನು ಹಗ್ಗದಲ್ಲಿ ಇಳಿಸಿಕೊಂಡಾಗ ಕಾಲು ಊದಿ ಕಪ್ಪಾಗಿತ್ತು, ಎಲುಬು ಬಿರುಕು ಬಿಟ್ಟಿತ್ತು, ಆದರೆ ಕಾಲು ಇತ್ತು. ಮನುಷ್ಯ ಇದ್ದ. ನಾನು ತಿರುಗಿ ನೋಡಿದರೆ ಮುಕಾದಮರು ಮಳೆಯಲ್ಲಿ ಕೆಸರಿನ ಮೇಲೆಯೇ ಕೂತುಬಿಟ್ಟಿದ್ದರು.

ಇಬ್ಬರನ್ನೂ ಒಂದೇ ಆಸ್ಪತ್ರೆಗೆ ಹಾಕಿದರು. ನನ್ನ ಗಂಡ ಪ್ಲಾಸ್ಟರು ಕಟ್ಟಿಸಿಕೊಂಡು ಮನೆಗೆ ಬಂದ. ಮುಕಾದಮರು ಬರಲಿಲ್ಲ. ಲಿವರು ಹಿಂದಿನಿಂದಲೇ ಕೆಟ್ಟಿತ್ತು, ಮಳೆಯಲ್ಲಿ ನೆನೆದದ್ದಕ್ಕೆ ಹೀಗಾದದ್ದಲ್ಲ ಎಂದು ಡಾಕ್ಟರರು ಹೇಳಿದರು. ಇರಬಹುದು. ನನ್ನ ಜೀವಕ್ಕೆ ಅದು ಇವತ್ತಿಗೂ ಒಪ್ಪಿಗೆಯಾಗಿಲ್ಲ.

ನಾನು ದಿನಾ ಗಂಜಿ ತೆಗೆದುಕೊಂಡು ಹೋಗುತ್ತಿದ್ದೆ. ಮೊದಲನೆಯ ದಿನ ಕಾಲು ಹಿಡಿಯಲು ಹೋದರೆ ಕಾಲೆಳೆದುಕೊಂಡರು. "ನನ್ನ ಕಾಲಿಗೆ ಯಾಕೆ? ತಪ್ಪು ನನ್ನದೇ ಮಾರಾಯ್ತಿ. ಅವನಿಗೆ ತಿಳಿಯದ ಮಾತಲ್ಲಿ ಹೇಳಿದೆ. ಇಷ್ಟು ವರ್ಷ ಒಬ್ಬನಿಗೂ ಕಲಿಸ್ಲಿಲ್ಲ. ಕಲಿಸಿದ್ರೆ ಮತ್ತೆ ನನ್ನನ್ನು ಯಾರು ಕೇಳ್ತಾರೆ ಅಂತ" ಅಂದರು. ಹೇಳುವಾಗ ಗೋಡೆ ನೋಡುತ್ತಿದ್ದರು.

ಮಾರನೆಯ ದಿನ ಹೋದಾಗ ಹಾಸಿಗೆಯ ಮೇಲೆ ಎದ್ದು ಕೂತಿದ್ದರು. ಔಷಧದ ಬಾಟಲಿಯ ಪುಟ್ಟ ಮುಚ್ಚಳ, ನೀರಿನ ಬಾಟಲಿ ಮುಂದಿಟ್ಟುಕೊಂಡಿದ್ದರು. "ಕೂತ್ಕೋ. ನಿನ್ನ ಮಾತಲ್ಲೇ ಹೇಳ್ತೇನೆ. ನಿಮ್ಮಲ್ಲಿ ಸಣ್ಣ ಬಟ್ಟಲಿಗೆ ಎಂತ ಹೇಳುದು?"

"ವಾಟಿ ಅಂತೀವ್ರೀ. ಆದ್ರ ನನಗ್ಯಾಕ? ಗಂಡಸರಿಗೆ ಹೇಳ್ಕೊಡ್ರಿ."

"ಗಂಡಸರಿಗೆ ಮಶೀನು ಸ್ಟಾರ್ಟ್ ಆದ್ರೆ ಸಾಕು. ನಿನಗೆ ಮೇಲೆ ಹೋದವ ಕೆಳಗೆ ಬರ್ಬೇಕು. ಎಣ್ಣೆ ನೀನೇ ಬೆರೆಸ್ಬೇಕು."

ಆಮೇಲೆ ನೀರಿನಲ್ಲಿ ಔಷಧ ಬೆರೆಸಿ ಬೆರೆಸಿ ತೋರಿಸಿದರು. ಎಷ್ಟು ಹಾಕಬೇಕು, ಯಾವಾಗ ಕುಲುಕಬೇಕು, ಹಳೆಯದಾದ ಮಿಶ್ರಣವನ್ನು ಯಾಕೆ ಚೆಲ್ಲಬೇಕು, ಪ್ಲಗ್ಗು ಯಾವ ಬಣ್ಣಕ್ಕೆ ತಿರುಗಿದರೆ ಸರಿ. ನರ್ಸ್ ಬಂದು, "ಬಾಬಾ, ಹೇ ಕಾಯ್ ಚಾಲ್ಲಂಯ? ಔಷಧ ಪ್ಯಾಯಚಂ ಅಸತಂ!" ಎಂದು ಗದರಿಸಿದಳು. ಔಷಧ ಕುಡಿಯಲಿಕ್ಕೆ ಇರುವುದು ಎಂದು ಅವಳಿಗೆ ಅವಳ ಚಿಂತೆ. ಅವರು ಒಂದು ಮುಚ್ಚಳ ಕುಡಿದು, ಅವಳು ಅತ್ತ ಹೋದ ಕೂಡಲೇ ನನಗೆ ಮತ್ತೆ ಮೊದಲಿನಿಂದ ಮಾಡಲು ಹೇಳಿದರು. ನಾನು ತಪ್ಪಿದರೆ ಬಲಹುಬ್ಬು ಏರುತ್ತಿತ್ತು. ಆ ಮಳೆಗಾಲ ಮುಗಿಯುವ ಮೊದಲೇ ಅವರು ಹೋಗಿಬಿಟ್ಟರು. ಊರಿನಿಂದ ಅವರ ತಂಗಿಯ ಗಂಡ ಬಂದ. ಗ್ಯಾಂಗಿನವರೇ ಹೆಗಲು ಕೊಟ್ಟರು, ನನ್ನ ಗಂಡ ಊರುಗೋಲು ಹಿಡಿದು ಹಿಂದೆ ನಡೆದ.

ಚಳಿಗಾಲಕ್ಕೆ ಅವನ ಕಾಲು ಕೂಡಿತು. ಮತ್ತೆ ಕೆಲಸಕ್ಕೆ ಹೋದ ಮೊದಲ ದಿನ ಖಾರಘರದಲ್ಲಿ. ಆಗಿನ್ನೂ ಅಲ್ಲಿ ಗುಡ್ಡ, ಗದ್ದೆ, ಅಲ್ಲೊಂದು ಇಲ್ಲೊಂದು ಅರೆಕಟ್ಟಿದ ಬಿಲ್ಡಿಂಗು. ನಾನು ಒಂದು ಮೂಲೆ ಹಿಡಿದು ಕೂತು ಬೆರೆಸಿದೆ. ಯಾರೂ ತಡೆಯಲಿಲ್ಲ, ಗುತ್ತಿಗೆದಾರ ಕೂಡ. ನನ್ನ ಗಂಡ ಹತ್ತಿ ದಾರ ಎಳೆದ. ಹತ್ತಲಿಲ್ಲ. ಮತ್ತೆ ಎಳೆದ, ಹತ್ತಿಕೊಂಡಿತು.

ಆ ಮಶೀನು ಓಡುತ್ತಿದ್ದಷ್ಟು ಹೊತ್ತು ನಾನು ಕಣ್ಣು ಕೀಳಲಿಲ್ಲ. ಜೊತೆಗೆ ಕೊಂಬೆ ಎಳೆಯುವ ಹೆಂಗಸೊಬ್ಬಳು ಏನೋ ಕೇಳಿದಳು, ಉತ್ತರ ಕೊಡಲಿಲ್ಲ. ಆಗ ನೆನಪಾಯಿತು: ಮೇಲೆ ಮಶೀನು ಓಡುವಾಗ ಮುಕಾದಮರೂ ಹೀಗೆಯೇ ತಲೆಯೆತ್ತಿ ನಿಂತಿರುತ್ತಿದ್ದರು, ಕರೆದರೆ ಓ ಅನ್ನುತ್ತಿರಲಿಲ್ಲ. ಎಂಥ ಸೊಕ್ಕಿನ ಮನುಷ್ಯ ಎಂದು ನಾವು ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು. ಸೊಕ್ಕಲ್ಲ ಅದು. ಆ ಮನುಷ್ಯ ಪ್ರತಿ ದಿನ, ಪ್ರತಿಯೊಬ್ಬನಿಗಾಗಿ ಹೆದರಿಕೊಂಡು ನಿಂತಿರುತ್ತಿದ್ದರು.

ನನ್ನ ಗಂಡ ಇಳಿದು ಬಂದ. ಸೊಂಟದ ಹಗ್ಗ ಬಿಚ್ಚುತ್ತಾ ನನ್ನ ಮುಖ ನೋಡಿ, "ಯಾಕ ಅಳಾಕತ್ತಿ? ಮಶೀನು ಛಲೋ ನಡೀತಲ್ಲ" ಅಂದ.

"ನಡೀತು, ಅದಕ್ಕs ಅಳಾಕತ್ತೀನಿ" ಅಂದೆ.